ಸೀನೀರಿನ ಬಾಟಲಿ

ಮೊದಲ ಬಾಟಲಿ ಮುಗಿಯುತ್ತ ಬಂದಾಗ ಕಲ್ಯಾಣಮ್ಮ ಕಣ್ಣು ತೆರೆದಳು. ಮೊದಲು ತೊಲೆಯನ್ನು ನೋಡಿದಳು, ಆಮೇಲೆ ತಲೆದೆಸೆಯಲ್ಲಿ ಕೂತಿದ್ದ ತಾಯಿಯನ್ನು. "ಯವ್ವಾ, ನೀರು" ಎಂದಳು. ಜೋಳದ ಒಣಗಿದ ರವದಿಯನ್ನು ಅಂಗೈಯಲ್ಲಿ ತಿಕ್ಕಿದಂತೆ ಕೇಳಿಸಿತು. ಆದರೂ ಅದು ದನಿ. ಬೆಳಗಿನಿಂದ ಆ ಮನೆಯಲ್ಲಿ ಯಾರೂ ಕೇಳಿರದ ದನಿ.

ಲಕ್ಷ್ಮೀಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಗೋಡೆಗೆ ಒರಗಿ ನಿಂತಿದ್ದ ಅಳಿಯ ಅಮೃತಪ್ಪ ಅಳಲಿಲ್ಲ. ಅವನು ಹೆಂಡತಿಯ ಬೆರಳ ತುದಿಗಳನ್ನು ನೋಡುತ್ತಿದ್ದ. ಅವನು ಬಂದು ಮುಟ್ಟಿದಾಗ ಅವು ಸುಕ್ಕುಗಟ್ಟಿ ನೀಲಿಯಾಗಿದ್ದವು, ಎಷ್ಟೋ ಹೊತ್ತು ಹೊಳೆಯಲ್ಲಿ ಬಟ್ಟೆ ಒಗೆದವಳ ಬೆರಳುಗಳ ಹಾಗೆ. ಈಗ ನೀಲಿ ಕರಗಿ ಉಗುರಿನ ಬುಡದಲ್ಲಿ ಒಂದಿಷ್ಟು ಕೆಂಪು ಕಾಣುತ್ತಿತ್ತು. ಆ ಕೆಂಪನ್ನು ನೋಡುತ್ತ ನೋಡುತ್ತ ಅವನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ.

ಅವನು ಸೊಲ್ಲಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ವಿಷಯ ಕಲಿಸುವ ಮಾಸ್ತರ. ಪುಣೆಯಲ್ಲಿ ಓದಿ ಬಿ.ಎಸ್ಸಿ. ಆದವನು. ಹೆಂಡತಿ ಬೇಸಿಗೆಗೆಂದು ಅಕ್ಕಲಕೋಟೆಯ ಹತ್ತಿರದ ತವರಿಗೆ ಬಂದಿದ್ದಳು. ಮೊದಲ ಮಳೆ ಬಿದ್ದ ವಾರವೇ ಆ ಸೀಮೆಯ ಹಳ್ಳಿಗಳಲ್ಲಿ ಪಟಕಿ ಬೇನೆ ಎದ್ದಿತು. ಕಾಲರಾಕ್ಕೆ ಆ ಕಡೆಯ ಜನ ಅನ್ನುವುದು ಪಟಕಿ ಎಂದೇ. ಬೆಳಗಿನಲ್ಲಿ ವಾಂತಿಭೇದಿ ಸುರುವಾದರೆ ಸಂಜೆಗೆ ಮನುಷ್ಯ ಇಲ್ಲ ಎನ್ನುವಂಥ ಬೇನೆ. ಸುದ್ದಿ ತಿಳಿದು ಅಮೃತಪ್ಪ ರೈಲು ಹಿಡಿದು, ಸ್ಟೇಶನ್ನಿನಿಂದ ಟಾಂಗಾ ಮಾಡಿಕೊಂಡು ಬಂದಾಗ ಅದೃಷ್ಟಕ್ಕೆ ಡಾಕ್ಟರರು ಅದೇ ಮನೆಯಲ್ಲಿದ್ದರು. ಬೇನೆಯ ಸಲುವಾಗಿ ಊರೂರು ತಿರುಗುತ್ತಿದ್ದ, ಪುಣೆ ಕಡೆಯ ವಯಸ್ಸಾದ ಮನುಷ್ಯ. ಕಲ್ಯಾಣಮ್ಮನ ಮೊಣಕೈ ಮಡಿಕೆಯಲ್ಲಿ ತೊಗಲು ಸೀಳಿ, ರಕ್ತನಾಳಕ್ಕೆ ಬೆಳ್ಳಿಯ ಸಣ್ಣ ನಳಿಕೆ ಕಟ್ಟಿ, ರಬ್ಬರಿನ ಕೊಳವೆಯಿಂದ ಬಾಟಲಿಯ ನೀರನ್ನು ನೇರವಾಗಿ ನೆತ್ತರಿಗೇ ಬಿಟ್ಟಿದ್ದರು. ಬಾಟಲಿಯನ್ನು ತೊಲೆಯ ತೊಟ್ಟಿಲ ಕೊಂಡಿಗೆ ತೂಗಹಾಕಿದ್ದರು. ಹಣೆ ಮುಟ್ಟಿ, ನಾಡಿ ಹಿಡಿದು, "ಛಲೋ ಆಗತದ" ಎಂದು ತಮಗೆ ಬರುವ ಅಷ್ಟಿಷ್ಟು ಕನ್ನಡದಲ್ಲಿ ಹೇಳಿ, ಪಕ್ಕದ ಊರಲ್ಲಿ ಇನ್ನೂ ಮೂರು ಮನೆಯವರು ಬಿದ್ದಿದ್ದಾರೆಂದು ಹೊರಟರು. ಹೊರಡುವಾಗ ಅಂಗಳದಲ್ಲಿ ನಿಂತು ಕಂಪೌಂಡರನಿಗೆ ಮರಾಠಿಯಲ್ಲಿ ಏನೇನೋ ಹೇಳಿದ್ದು, ಅವನು "ಜೀ ಸಾಹೇಬ್, ಜೀ ಸಾಹೇಬ್" ಎಂದದ್ದು ಒಳಗೆ ಅಸ್ಪಷ್ಟವಾಗಿ ಕೇಳಿಸಿತ್ತು. ಆಮೇಲೆ ಟಾಂಗಾದ ಗಂಟೆ.

ಕಂಪೌಂಡರನ ಹೆಸರು ಪೀರಪ್ಪ. ನಿಜಾಮರ ಸೀಮೆಯವನು, ಕಲಬುರಗಿ ಕಡೆಯವನು. ಬೇನೆ ಹೆಚ್ಚಾಗಿ ಕೈ ಸಾಲದೆ ಆ ವಾರವಷ್ಟೇ ಅವನನ್ನು ಕರೆಸಿಕೊಂಡಿದ್ದರು. ಸಾಲೆಯೆಲ್ಲ ಉರ್ದುವಿನಲ್ಲಿ ಕಲಿತಿದ್ದ. ಮರಾಠಿ ಅವನಿಗೆ ಅಲ್ಲೊಂದು ಇಲ್ಲೊಂದು ಶಬ್ದವಷ್ಟೇ. ಆದರೆ ಮೈ ಮುರಿದು ದುಡಿಯುವ ಆಳು. ಡಾಕ್ಟರರು ಹೋದ ಗಳಿಗೆಯಿಂದ ಅವನು ಕೂತದ್ದೇ ಇಲ್ಲ. ತಾಮ್ರದ ಕೊಡ ಹೊತ್ತು ಎಲ್ಲಿಗೋ ಹೋದ. ಬೆವರಿನಲ್ಲಿ ತೊಯ್ದು ಬಂದ. ಹೊಸ ಧೋತರದ ತುಂಡು ಬೇಡಿ ಪಡೆದು, ಮಡಿಕೆ ಮಡಿಕೆ ಮಾಡಿ ನೀರು ಸೋಸಿದ. ಒಲೆಯ ಮುಂದೆ ಕೂತು ಮರಳುವ ತನಕ ಕುದಿಸಿದ, ಆರಿಸಿದ, ಮತ್ತೆ ಸೋಸಿದ. ಎರಡನೆಯ ಬಾಟಲಿಯನ್ನು ಅದರಿಂದ ತುಂಬಿ ಕೊಂಡಿಗೆ ಏರಿಸಿ, ಕೊಳವೆಯಲ್ಲಿ ಗಾಳಿ ಉಳಿಯದಂತೆ ಬೆರಳಿಂದ ತಟ್ಟಿ ತಟ್ಟಿ, ನಳಿಕೆಗೆ ಜೋಡಿಸಿದ.

"ಈ ಮನಶ್ಯಾನ್ನ ನೋಡು" ಎಂದಳು ಲಕ್ಷ್ಮೀಬಾಯಿ, ಮಗ ಕಲ್ಲಣ್ಣನಿಗೆ. "ಮನಿ ಮಗ ಆದ ನೀ ಕಟ್ಟಿ ಮ್ಯಾಲ ಕುಂತೀದಿ. ಇಂವ ಯಾರ ಪೈಕಿ ಅಂತಿಲ್ಲ, ಹ್ಯಾಂಗ ದುಡದಾನ ನೋಡು."

"ನನಗ ಆ ನಳಿಗಿ ನೋಡಿದ್ರ ತಲಿ ತಿರಗತೈತಿ ಬೇ. ಹೊಲದಾಗ ಎಷ್ಟು ಬೇಕಾದ್ರೂ ದುಡಸು."

ಪೀರಪ್ಪ ನಕ್ಕು, ಹೆಗಲ ವಸ್ತ್ರದಿಂದ ಕತ್ತು ಒರೆಸಿಕೊಂಡು ಹೊಸ್ತಿಲ ಹತ್ತಿರ ಕೂತ. ಕೊಳವೆಯೊಳಗೆ ನೀರು ಸದ್ದಿಲ್ಲದೆ ಇಳಿಯುತ್ತಿತ್ತು. ಕಲ್ಯಾಣಮ್ಮ ಕಣ್ಣು ಮುಚ್ಚಿಕೊಂಡಿದ್ದಳು, ಆದರೆ ಇದು ನಿದ್ದೆಯ ಮುಚ್ಚುವಿಕೆ. ಬೆಳಗಿನದು ಬೇರೆ ಇತ್ತು.

ಅಮೃತಪ್ಪನಿಗೆ ಏನಾದರೂ ಮಾತಾಡಬೇಕೆನಿಸಿತು. ಇದು ಅವನಿಗೆ ಅಪರೂಪ. ತರಗತಿಯಲ್ಲಿ ಪಾಠ ಹೇಳುವುದನ್ನು ಬಿಟ್ಟರೆ ಅವನು ದಿನಗಟ್ಟಲೆ ಸುಮ್ಮನಿರಬಲ್ಲವನು. ಮಾತು ಹುಡುಕುವುದರೊಳಗೆ ಎದುರಿನವರು ಎದ್ದು ಹೋಗಿರುತ್ತಿದ್ದರು. ಹೆಂಡತಿಯೂ ಹಾಗೆ ಎಷ್ಟೋ ಸಲ ಎದ್ದು ಹೋಗಿದ್ದಾಳೆ. ಆದರೆ ಈ ಮನುಷ್ಯನಿಗೆ ಒಂದು ಉಪಕಾರದ ಮಾತು ಹೇಳದೆ ಇರುವುದು ಸರಿಯಲ್ಲ. ಹೇಗೆ ಹೇಳುವುದೆಂದು ಮಾತ್ರ ತಿಳಿಯಲಿಲ್ಲ. ಅದಕ್ಕೆ, ಬಾಯಿಗೆ ಬಂದದ್ದನ್ನು ಕೇಳಿದ.

"ಉಪ್ಪು ತೂಗಾಕ ತಕ್ಕಡಿ ಎಲ್ಲಿ ಸಿಕ್ತರಿ ನಿಮಗ, ಈ ಊರಾಗ?"

"ಉಪ್ಪು?" ಎಂದ ಪೀರಪ್ಪ.

"ನೀರಿಗೆ ಹಾಕಿದ ಉಪ್ಪು."

"ಉಪ್ಪು ಎಲ್ಲೀದ್ರಿ ಮಾಸ್ತರ? ಸಾಹೇಬ್ರು ಮೀಠಾ ಪಾನಿ ಅಂದ್ರಲ್ರಿ. ಈ ಊರಾಗಿನ ಬಾವಿ ಬರೇ ಸವಳ. ಬಾಯಾಗ ಹಾಕಿದ್ರ ಉಗಳಬೇಕು, ಅಂಥಾದ್ದು. ಅದಕ್ಕ ಕಲ್ಲಣ್ಣಗ ಕೇಳ್ಕೊಂಡು ಹೊಲದಾಗಿನ ಸೀನೀರ ಬಾವಿಗಿ ಹೋಗಿ ತಂದೆ. ಸಕ್ಕರಿ ಇದ್ದಾಂಗ ಅದಾವ ನೀರು."

ಅಮೃತಪ್ಪ ಎದ್ದು ಎರಡೇ ಹೆಜ್ಜೆಗೆ ಹಾಸಿಗೆ ಮುಟ್ಟಿ, ರಬ್ಬರಿನ ಕೊಳವೆಯನ್ನು ಮಡಿಚಿ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದ. ನೀರು ನಿಂತಿತು. ಬಾಟಲಿಯ ಕುತ್ತಿಗೆಯಿಂದ ನಾಲ್ಕು ಬೆರಳಿನಷ್ಟು ಆಗಲೇ ಇಳಿದುಹೋಗಿತ್ತು.

"ಏನ್ ಮಾಡಾಕತ್ತೀರಿ?" ಪೀರಪ್ಪ ಗಾಬರಿಯಾಗಿ ಎದ್ದ. "ನಳಿಗ್ಯಾಗ ನೆತ್ತರ ಹೆಪ್ಪುಗಟ್ಟತೈತ್ರಿ. ಬಿಡ್ರಿ!"

"ಮೀಠ ಅಂದ್ರ ಉಪ್ಪು" ಎಂದ ಅಮೃತಪ್ಪ. "ಮರಾಠಿಯೊಳಗ ಮೀಠ ಅಂದ್ರ ಉಪ್ಪು, ಪೀರಪ್ಪಾ. ಅವರು ಮೀಠ-ಪಾಣೀ ಅಂದಾರ. ಉಪ್ಪು-ನೀರು."

"ನಮ್ಮ ಕಡಿ ಮೀಠಾ ಅಂದ್ರ ಸೀ ರೀ! ಮೀಠಾ ಪಾನಿ ಅಂದ್ರ ಕುಡಿಯೋ ನೀರು. ಹುಟ್ಟಿದಾಗಿಂದ ಕೇಳೀನಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇಬ್ಬರ ಮಾತೂ ಖರೆ. ನಿಜಾಮರ ಗಡಿ ಅಲ್ಲಿಂದ ಬಹಳ ದೂರವೇನಲ್ಲ. ಗಡಿಯ ಆಚೆ ಸಿಹಿ ಎನಿಸಿಕೊಂಡದ್ದು ಈಚೆ ಬಂದರೆ ಉಪ್ಪು ಆಗುತ್ತಿತ್ತು, ಅದೇ ಬಾಯಿಯಲ್ಲಿ, ಹೆಚ್ಚುಕಡಿಮೆ ಅದೇ ಸಪ್ಪಳದಲ್ಲಿ.

"ಆತು, ಉಪ್ಪು ಅಂದಿರಬೇಕು" ಎಂದ ಪೀರಪ್ಪ. ಮುಖ ಬಿಳಚಿಕೊಂಡಿತ್ತು, ಆದರೆ ದನಿ ಇನ್ನೂ ಪಟ್ಟು ಬಿಟ್ಟಿರಲಿಲ್ಲ. "ಉಪ್ಪು ಇಲ್ದಿದ್ರ ಏನಾತ್ರಿ? ಮೈಯಾಗಿನ ನೀರು ಹೋಗೇತಿ, ನೀರು ಕೊಡಾಕತ್ತೀವಿ. ಚೊಕ್ಕ ನೀರು. ಕುದಿಸೀನಿ, ಸೋಸೀನಿ. ಉಪ್ಪು ಹಾಕಿದ್ರ ನೀರಡಿಕಿ ಹೆಚ್ಚಾಗೂದಲ್ಲೇನ್ರಿ? ಮಾಸ್ತರ, ನಿಮ್ಮ ಸಾಲಿ ಬ್ಯಾರೆ, ದವಾಖಾನಿ ಬ್ಯಾರೆ. ಕೈ ಬಿಡ್ರಿ."

ಸದ್ದಿಗೆ ಕಲ್ಯಾಣಮ್ಮ ಎಚ್ಚೆತ್ತಳು. ಗಂಡನ ಮುಷ್ಟಿಯನ್ನು ನೋಡಿದಳು. "ರೀ" ಎಂದಳು, "ಬಿಡ್ರಿ. ತಂಪ ಅನಸಾಕತ್ತಿತ್ತು."

ಲಕ್ಷ್ಮೀಬಾಯಿಗೆ ಇಷ್ಟು ಸಾಕಾಯಿತು. ಅಳಿಯನ ಎದುರು ಎಂದೂ ಸೆರಗು ಜಾರಿಸದವಳು, ಎಂದೂ ದನಿ ಏರಿಸದವಳು ಎದ್ದು ನಿಂತು ಅವನ ಮಣಿಕಟ್ಟನ್ನು ಹಿಡಿದಳು. "ಮಾಸ್ತರ, ನನ್ನ ಮಗಳು ನೀರು ನೀರು ಅಂತ ಬಾಯಿ ಬಿಡಾಕತ್ತಾಳ. ನೀವು ನೀರು ಹಿಡದು ನಿಂತೀರಿ. ಎಂಥಾ ಮನಸು ನಿಮ್ದು? ಏ ಕಲ್ಲಣ್ಣಾ, ಬಾರೋ ಒಳಗ!"

ಅಮೃತಪ್ಪ ಕೈ ಬಿಡಲಿಲ್ಲ. ಹೇಳಬೇಕಾದದ್ದು ಅವನಿಗೆ ಗೊತ್ತಿತ್ತು. ಕಣ್ಣೆದುರಿಗೇ ಇತ್ತು. ಪುಣೆಯ ಕಾಲೇಜಿನ ಕೋಣೆ, ಕಿಟಕಿಯ ಬೆಳಕಿಗೆ ತಿರುಗಿಸಿಟ್ಟ ಸೂಕ್ಷ್ಮದರ್ಶಕ, ಗಾಜಿನ ಪಟ್ಟಿಯ ಮೇಲೆ ತನ್ನದೇ ಬೆರಳಿನ ನೆತ್ತರು. ತಕ್ಕ ಉಪ್ಪಿನ ನೀರಿನಲ್ಲಿ ಕೆಂಪು ಕಣಗಳು ಒಂದರ ಪಕ್ಕ ಒಂದು ನಾಣ್ಯದಂತೆ ತಣ್ಣಗೆ ಮಲಗಿದ್ದವು. ಬರಿಯ ನೀರು ಬಿಟ್ಟಾಗ ಅವು ಉಬ್ಬಿದವು. ಗುಂಡಗಾದವು. ಮಸುಕಾದವು. ಆಮೇಲೆ, ಅವನು ರೆಪ್ಪೆ ಬಡಿಯುವುದರೊಳಗೆ, ಒಂದು ಇಲ್ಲ. ಅದರ ಪಕ್ಕದ್ದು ಇಲ್ಲ. ಕೊನೆಗೆ ಏನೂ ಇಲ್ಲ, ನಸುಗೆಂಪು ಬಯಲು. ಪ್ರತಿ ಕಣವೂ ಒಂದು ತೆಳು ಪೊರೆಯ ಚೀಲ, ಒಳಗೆ ಅದರದೇ ಉಪ್ಪು; ಪೊರೆ ನೀರನ್ನು ಬಿಡುತ್ತದೆ, ಉಪ್ಪನ್ನು ಬಿಡುವುದಿಲ್ಲ; ನೀರು ಉಪ್ಪು ಹೆಚ್ಚಿದ್ದ ಕಡೆಗೆ ನುಗ್ಗುತ್ತದೆ. ಇದನ್ನೆಲ್ಲ ಅವನು ಪ್ರತಿ ವರ್ಷ ಹುಡುಗರಿಗೆ ಹೇಳುತ್ತ ಬಂದವನು. ಈಗ, ಅತ್ತೆ ಮಣಿಕಟ್ಟು ಹಿಡಿದು ಜಗ್ಗುತ್ತಿರುವಾಗ, ಒಂದು ವಾಕ್ಯವೂ ಹುಟ್ಟಲಿಲ್ಲ.

"ಎರಡು ಸೀಸೆ ಕೊಡ್ರಿ" ಎಂದ, ಪೀರಪ್ಪನಿಗೆ. "ನಿಮ್ಮ ಪೆಟ್ಟಿಗ್ಯಾಗಿನ ಖಾಲಿ ಸೀಸೆ. ಅಷ್ಟು ಕೊಡ್ರಿ. ಆಮ್ಯಾಲ ನೀವು ಹೇಳಿದಾಂಗ."

ಅವನ ದನಿಯಲ್ಲಿದ್ದದ್ದು ಏನೋ, ಪೀರಪ್ಪ ವಾದಿಸದೆ ಔಷಧದ ಎರಡು ಸಣ್ಣ ಸೀಸೆ ತೆಗೆದ. ಒಳಗೆ ಬಂದ ಕಲ್ಲಣ್ಣನಿಗೆ ಕೊಳವೆಯನ್ನು ಹಾಗೆಯೇ ಮಡಿಚಿ ಹಿಡಿಯಲು ಹೇಳಿ ಅಮೃತಪ್ಪ ಒಲೆಯ ಹತ್ತಿರ ಹೋದ. ಎರಡೂ ಸೀಸೆಗೆ ಅದೇ ಕುದಿಸಿದ ಸೀನೀರು ಹಾಕಿದ. ಒಂದಕ್ಕೆ ಅಡಿಗೆಯ ಉಪ್ಪಿನ ಒಂದು ಚಿಟಿಕೆ ಕರಗಿಸಿದ. ಅತ್ತೆಯ ಕುಪ್ಪಸಕ್ಕೆ ಚುಚ್ಚಿದ್ದ ಪಿನ್ನು ಕೇಳಿ ತೆಗೆದುಕೊಂಡು, ದೀಪದ ಕುಡಿಗೆ ಹಿಡಿದು, ಎಡಗೈಯ ಬೆರಳಿಗೆ ಚುಚ್ಚಿಕೊಂಡ. ಕೆಲವು ಹನಿ ಇದಕ್ಕೆ, ಕೆಲವು ಹನಿ ಅದಕ್ಕೆ. ಅಲ್ಲಾಡಿಸಿದ.

ಎರಡೂ ಸೀಸೆ ಕೆಂಪಾದವು.

"ಎರಡೂ ಒಂದ ಥರ ಅದಾವಲ್ರಿ" ಎಂದ ಪೀರಪ್ಪ.

ಗೋಡೆಯ ಹಗ್ಗದ ಮೇಲೆ ಸೊಲ್ಲಾಪುರದ ಪಟ್ಟೆಪಟ್ಟೆಯ ಚಾದರ ಇಳಿಬಿದ್ದಿತ್ತು. ಅಮೃತಪ್ಪ ಮೊದಲು ಉಪ್ಪಿನ ಸೀಸೆಯನ್ನು ಅದರ ಮುಂದೆ, ಬಾಗಿಲ ಬೆಳಕಿಗೆ ಹಿಡಿದ. ಏನೂ ಕಾಣಲಿಲ್ಲ. ಕೆಮ್ಮಣ್ಣು ಕಲೆಸಿದ ನೀರಿನಂತೆ ದಟ್ಟ ಮಬ್ಬು. ಆಮೇಲೆ ಬರಿಯ ಸೀನೀರಿನ ಸೀಸೆಯನ್ನು ಹಿಡಿದ. ಅದರ ಮೂಲಕ ಚಾದರದ ಪಟ್ಟೆಗಳು, ಪಟ್ಟೆಯ ಅಂಚಿನ ನೂಲು ಸಹ ಕಾಣಿಸಿತು. ಕೆಂಪು ಬಳೆಯ ಚೂರಿನ ಆಚೆ ನೋಡಿದ ಹಾಗೆ.

"ಇದರಾಗ" ಎಂದ, ಮಬ್ಬಾದುದನ್ನು ಎತ್ತಿ, "ನೆತ್ತರಿನ ಕಾಳು ಇನ್ನೂ ಅದಾವ. ಅಡ್ಡ ಬರತಾವ, ಅದಕ್ಕ ಆಚಿ ಕಡಿ ಕಾಣೂದಿಲ್ಲ." ಇನ್ನೊಂದನ್ನು ಎತ್ತಿದ. "ಇದರಾಗ ಒಂದೂ ಉಳಿದಿಲ್ಲ. ನೀರು ಕುಡಕೊಂಡು ಕುಡಕೊಂಡು ಒಡದು ಹೋದ್ವು. ಉಳಿದದ್ದು ಬರೇ ಬಣ್ಣ."

ಪೀರಪ್ಪ ಸೀಸೆಯನ್ನು ತನ್ನ ಕೈಗೆ ತೆಗೆದುಕೊಂಡ. ಬೆಳಕಿಗೆ ಹಿಡಿದ. ಚಾದರದ ಮುಂದೆ ಹಿಡಿದ. ತನ್ನ ಅಂಗೈಯ ಮುಂದೆ ಹಿಡಿದು ಗೆರೆಗಳನ್ನು ನೋಡಿದ. ಆಮೇಲೆ ಕೊಳವೆಯ ಕಡೆ ತಿರುಗಿದ.

"ಹೊಟ್ಟಿಗೆ ಕುಡಿಯೋದು ಬ್ಯಾರೆ" ಎಂದ ಅಮೃತಪ್ಪ ಅತ್ತೆಯತ್ತ ನೋಡಿ. ಒಮ್ಮೆ ಬಾಯಿ ಬಿಟ್ಟ ಮೇಲೆ ಅವನಿಗೂ ಹೇಳುವುದು ಅಷ್ಟು ಕಷ್ಟವೆನಿಸಲಿಲ್ಲ. "ಹೊಟ್ಟಿ ತನಗ ಬೇಕಾದಷ್ಟು ತಗೋತದ. ಇದು ನೇರ ನೆತ್ತರಕ್ಕ ಹೋಗಾಕತ್ತದ ಅತ್ತಿ."

ಲಕ್ಷ್ಮೀಬಾಯಿ ಹಿಡಿದ ಮಣಿಕಟ್ಟನ್ನು ಬಿಟ್ಟು ಎಷ್ಟೋ ಹೊತ್ತಾಗಿತ್ತು. ಅವಳು ಸೀಸೆಗಳನ್ನು ದಿಟ್ಟಿಸುತ್ತ, ಅಡಿಗೆಮನೆಯ ಭಾಷೆಯಲ್ಲಿ ತನಗೇ ಹೇಳಿಕೊಂಡಳು. "ನೆನಿ ಹಾಕಿದ ಕಡ್ಲಿ ಉಬ್ಬಿ ಸಿಪ್ಪಿ ಬಿಡತಾವ. ಮಾವಿನಕಾಯಿ ಹೋಳುಗಳಿಗೆ ಉಪ್ಪು ಹಚ್ಚಿದ್ರ ತಾವ ನೀರು ಬಿಟ್ಟು ಸುಕ್ಕತಾವ." ಸಟ್ಟನೆ ತಲೆ ಎತ್ತಿದಳು. "ಹಂಗಾರ ಉಪ್ಪು ಹೆಚ್ಚಾದ್ರೂ ಕೆಟ್ಟದ್ದ ಅಲ್ಲೇನು? ನನ್ನ ಮಗಳ ನೆತ್ತರ ಉಪ್ಪಿನಕಾಯಿ ಮಾಡತೀರೇನು ನೀವು?"

ಅಮೃತಪ್ಪನಿಗೆ ಆ ಗಳಿಗೆಯಲ್ಲೂ ನಗು ಬಂದಂತಾಯಿತು. "ಹೌದು, ಸುಕ್ಕತಾವ. ಅದಕ್ಕ ಅಳತಿ ಬೇಕು. ಪೀರಪ್ಪಾ, ಡಾಕ್ಟರು ಏನರೆ ಪುಡಿ ಕೊಟ್ಟು ಹೋಗ್ಯಾರೇನು?"

ಪೀರಪ್ಪ ಹಣೆ ಬಡಿದುಕೊಂಡ. ಅಂಗಿಯ ಒಳಜೇಬಿನಿಂದ ಬಿಳಿ ಕಾಗದದ ಪೊಟ್ಟಣಗಳನ್ನು ತೆಗೆದ. "ಬಾಯಿಗಿ ಹಾಕೋ ಔಷಧ ಅಂತ ತಿಳದಿದ್ನಿರಿ. ವಾಂತಿ ಪೂರಾ ನಿಂತ ಮ್ಯಾಲ ಕೊಡೂಣಂತ ಜ್ವಾಪಾನ ಮಾಡಿ ಇಟ್ಟೀನಿ." ಅಮೃತಪ್ಪ ಒಂದನ್ನು ಬಿಚ್ಚಿ ನಾಲಿಗೆಯ ತುದಿಗೆ ಒಂದು ಕಣ ಮುಟ್ಟಿಸಿದ. ಉಪ್ಪು. ದವಾಖಾನೆಯಲ್ಲೇ ತೂಗಿ, ಬಾಟಲಿಗೊಂದರಂತೆ ಕಟ್ಟಿದ ಉಪ್ಪು.

ಆಮೇಲಿನ ಹೊತ್ತು ಅವನಿಗೆ ತುಂಡುತುಂಡಾಗಿ ಮಾತ್ರ ನೆನಪಿನಲ್ಲಿ ಉಳಿಯಿತು. ಪೀರಪ್ಪ ಒಲೆಗೆ ಕಟ್ಟಿಗೆ ತುರುಕಿ ಮತ್ತೆ ನೀರು ಕುದಿಸಿ, ಪೊಟ್ಟಣದ ಉಪ್ಪು ಕರಗಿಸಿದ್ದು. ಕೊಳವೆ ಹಿಡಿದ ಕಲ್ಲಣ್ಣ ಮುಖ ಅತ್ತ ತಿರುಗಿಸಿಕೊಂಡು, ಕಣ್ಣು ಮುಚ್ಚಿ, "ಆತೇನ್ರಿ ಮಾವ, ಆತೇನ್ರಿ" ಎಂದು ಕೇಳುತ್ತಲೇ ಇದ್ದುದು. ನಳಿಕೆಯ ತುದಿಯಲ್ಲಿ ಕಟ್ಟಿಕೊಂಡಿದ್ದ ಹೆಪ್ಪನ್ನು ಪೀರಪ್ಪ ಉಸಿರು ಬಿಗಿಹಿಡಿದು ಹೊರಗೆ ತೆಗೆದದ್ದು. ಹೊಸ ನೀರು ಇಳಿಯತೊಡಗಿತು. ಕಲ್ಯಾಣಮ್ಮನ ನಾಡಿ ಒಮ್ಮೆ ದಾರದಷ್ಟು ತೆಳ್ಳಗಾಗಿ, ಬೆರಳಿಗೆ ಸಿಗದೆ ಹೋಗಿ, ಮತ್ತೆ ಬಂತು. ಬಾಟಲಿ ಅರ್ಧಕ್ಕೆ ಇಳಿಯುವ ಹೊತ್ತಿಗೆ ಹುಡುಕದೆಯೂ ಸಿಗುವಂತಾಯಿತು.

ದೀಪ ಹಚ್ಚುವ ಸಮಯಕ್ಕೆ ಟಾಂಗಾ ಬಂತು. ಡಾಕ್ಟರರು ಇಳಿದು ಕೈಕಾಲು ತೊಳೆಯುವುದರೊಳಗೇ ಪೀರಪ್ಪ ಅವರ ಮುಂದೆ ನಿಂತು ಎಲ್ಲ ಹೇಳಿಬಿಟ್ಟ. ಕನ್ನಡದಲ್ಲಿ ಹೇಳಿದ, ಉರ್ದುವಿನಲ್ಲಿ ಹೇಳಿದ. ಅರ್ಥವಾಗದಲ್ಲಿ ಅಮೃತಪ್ಪ ಮರಾಠಿಯಲ್ಲಿ ಸೇರಿಸಿದ.

"ಮೀ ಮೀಠ-ಪಾಣೀ ಮ್ಹಣಾಲೋ ರೇ!" ಎಂದರು ಡಾಕ್ಟರರು. "ಮೀಠ ಅಂದೆ ನಾನು! ಉಪ್ಪ, ಉಪ್ಪ!"

"ಜೀ ಸಾಹೇಬ್. ಮೀಠಾ ಪಾನಿ."

ಡಾಕ್ಟರರು ಅವನನ್ನೇ ನೋಡಿದರು. ತುಟಿ ಅಲ್ಲಾಡಿಸಿ ಆ ಎರಡು ಶಬ್ದಗಳನ್ನು ತಮ್ಮೊಳಗೇ ಹೇಳಿ ನೋಡಿಕೊಂಡರು. ನಿಧಾನವಾಗಿ ಕಟ್ಟೆಯ ಮೇಲೆ ಕುಳಿತು, ಟೊಪ್ಪಿಗೆ ತೆಗೆದು, "ಅರೇ ದೇವಾ" ಎಂದರು. ಬೈಯಲಿಲ್ಲ. ಬೈದಿದ್ದರೆ ಪೀರಪ್ಪನಿಗೆ ಹಗುರವಾಗುತ್ತಿತ್ತೇನೋ.

ಒಳಗೆ ಹೋಗಿ ಬಹಳ ಹೊತ್ತು ಪರೀಕ್ಷೆ ಮಾಡಿದರು. ಬಂದು ಅಮೃತಪ್ಪನನ್ನು ಬದಿಗೆ ಕರೆದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ಪಟಕಿಯಿಂದ ಉಳಿದುಕೊಂಡಿದ್ದಾಳೆ. ಆದರೆ ಒಳಗೆ ಹೋದ ಸೀನೀರು ಎಷ್ಟು ಕಣಗಳನ್ನು ಒಡೆದಿದೆಯೋ ಹೇಳಲು ಬಾರದು. ಒಡೆದ ಕಣದ ಕೆಂಪು ಮೂತ್ರಪಿಂಡದಲ್ಲಿ ಕಟ್ಟಿಕೊಳ್ಳುತ್ತದೆ. ಬೆಳಗಿನಿಂದ ಅವಳಿಗೆ ಒಂದಕ್ಕೆ ಆಗಿಲ್ಲ. ಆಗಬೇಕು. ಆಗದಿದ್ದರೆ ಮಾಡಲು ಏನೂ ಇಲ್ಲ. ಆಗಿ, ಅದು ಕಪ್ಪಗೆ ಬಂದರೂ ಅಷ್ಟೇ, ಮಾಡಲು ಏನೂ ಇಲ್ಲ. "ತಿಳಿಯಾಗಿ ಬಂದರೆ ನಿಮ್ಮ ಹೆಂಡತಿ ನಿಮ್ಮವಳು" ಎಂದರು. ತಾವೂ ಅಲ್ಲೇ ಉಳಿಯುತ್ತೇನೆಂದು ಟಾಂಗಾದವನನ್ನು ಕಳಿಸಿಬಿಟ್ಟರು.

ಆ ರಾತ್ರಿಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಎಲ್ಲರೂ ಕಾದರು. ಕಾಯುವಾಗ ಅಮೃತಪ್ಪನಿಗೆ ಒಂದು ವಿಚಾರ ಬಂದು ಹೋಗಿ ಮಾಡುತ್ತಿತ್ತು. ಆ ಸಣ್ಣ ಸೀಸೆಯಲ್ಲಾದರೆ ನೆತ್ತರು ನೀರಿಗೆ ಹೋಲಿಸಿದರೆ ಕೆಲವೇ ಹನಿ; ಅವಳ ಮೈಯಲ್ಲಿ ನೆತ್ತರೇ ಹೆಚ್ಚು, ನೀರು ನಾಲ್ಕು ಬೆರಳು. ಡಾಕ್ಟರರೇ ಕಲಸಿ ಏರಿಸಿದ್ದ ಮೊದಲ ಬಾಟಲಿಯ ಗಟ್ಟಿ ಉಪ್ಪು ಆಗಲೇ ಒಳಗಿತ್ತು, ಸೀನೀರಿನ ಪೆಟ್ಟನ್ನು ಅದು ತಡೆದಿರಬೇಕು. ಹೀಗೆ ಲೆಕ್ಕ ಹಾಕಿ ಸಮಾಧಾನಪಟ್ಟುಕೊಳ್ಳುತ್ತಿದ್ದ. ಮರುಕ್ಷಣವೇ ಕಿಟಕಿಯ ಬೆಳಕಿನಲ್ಲಿ ಒಂದೊಂದಾಗಿ ಇಲ್ಲವಾಗುವ ಆ ದುಂಡು ಕಣಗಳು ಕಾಣುತ್ತಿದ್ದವು. ಅವು ಒಡೆಯುವಾಗ ಸದ್ದೇ ಆಗುವುದಿಲ್ಲ. ಸದ್ದಾದರೂ ಆಗಿದ್ದರೆ ಹೆಂಡತಿಯ ಎದೆಗೆ ಕಿವಿಯಿಟ್ಟು ಕೇಳಬಹುದಿತ್ತು.

ಹೊತ್ತು ಮೂಡಿ, ಕಲ್ಲಣ್ಣ ಎತ್ತುಗಳಿಗೆ ಮೇವು ಹಾಕುತ್ತಿದ್ದಾಗ, ಒಳಗಿಂದ ಲಕ್ಷ್ಮೀಬಾಯಿ ಬಾಗಿಲು ಮುಂದೆ ಮಾಡಿದಳು. ಕಟ್ಟೆಯ ಮೇಲಿದ್ದ ಮೂವರೂ ಆ ಬಾಗಿಲನ್ನು ನೋಡಿದರು. ಡಾಕ್ಟರರು ಬೀಡಿ ಹಚ್ಚಲು ಹೋದವರು ಕಡ್ಡಿಯನ್ನು ಹಾಗೇ ಹಿಡಿದರು. ಒಳಗೆ ಗುಸುಗುಸು. ಆಮೇಲೆ ಏನೂ ಇಲ್ಲ. ಬಹಳ ಹೊತ್ತು ಏನೂ ಇಲ್ಲ.

ಬಾಗಿಲು ಧಡಾರನೆ ತೆರೆಯಿತು. ಲಕ್ಷ್ಮೀಬಾಯಿ ಡಾಕ್ಟರರ ಬಿಳಿ ಬೋಗುಣಿಯನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಆರತಿ ತರುವವಳಂತೆ ಅಂಗಳಕ್ಕೆ ಬಂದಳು. ತಲೆಯ ಮೇಲಿನ ಸೆರಗು ಬಿದ್ದದ್ದು ಅವಳಿಗೆ ತಿಳಿದಿರಲಿಲ್ಲ.

"ನೋಡ್ರಿ! ಸಾಹೇಬ್ರ, ನೋಡ್ರಿ!"

ಡಾಕ್ಟರರು ಬೋಗುಣಿಯನ್ನು ಬಿಸಿಲಿಗೆ ವಾಲಿಸಿದರು. ಅಮೃತಪ್ಪ ಅವರ ಭುಜದ ಮೇಲಿಂದ ಬಗ್ಗಿದ. ಬಣ್ಣ ಎಳ್ಳೆಣ್ಣೆಯದು. ದಟ್ಟವಾಗಿತ್ತು, ಅಂಚಿನಲ್ಲಿ ತುಸು ಕೆಂಪಿನ ಛಾಯೆ ಇಲ್ಲವೆನ್ನುವಂತಿರಲಿಲ್ಲ. ಆದರೆ ಬೋಗುಣಿಯ ತಳದಲ್ಲಿ ಕಿತ್ತುಹೋಗಿದ್ದ ಬಿಳಿ ಲೇಪದ ಕೆಳಗಿನ ಕಪ್ಪು ಚುಕ್ಕೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಥೋಡಂ ಆಹೇ" ಎಂದರು ಡಾಕ್ಟರರು. "ಸ್ವಲ್ಪ ಒಡದದ. ಹೋಗತದ, ಹೋಗತದ. ಛಲೋ! ಫಾರ ಛಲೋ!" ಅಷ್ಟು ವಯಸ್ಸಾದ ಮನುಷ್ಯ ಪೀರಪ್ಪನ ಬೆನ್ನಿಗೆ ಜೋರಾಗಿ ಗುದ್ದಿದರು.

ಪೀರಪ್ಪ ಗುದ್ದನ್ನು ಲೆಕ್ಕಿಸಲಿಲ್ಲ. "ನನಗೂ ತೋರಸ್ರಿ ಒಮ್ಮಿ" ಎಂದ. ತೋರಿಸಿದರು. ಅವನು ಬಾವಿ ಇಣುಕುವವನ ಹಾಗೆ ಬೋಗುಣಿಯೊಳಗೆ ನೋಡಿ, "ತಿಳಿ ಅದ" ಎಂದ. ಇನ್ನೊಮ್ಮೆ, "ತಿಳಿ ಅದರಿ" ಎಂದ. ಆಮೇಲೆ ಅಂಗಳದ ಮೂಲೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತು, ಹೆಗಲ ವಸ್ತ್ರದಿಂದ ಕಣ್ಣು ಮೂಗು ಎಲ್ಲ ಒರೆಸಿಕೊಂಡ. ಕಲ್ಲಣ್ಣ ಮೇವಿನ ಕೈಯಲ್ಲೇ ಓಡಿಬಂದ. "ಎಲ್ಲಿ, ನಾನೂ ನೋಡತೀನಿ."

ಅಷ್ಟರಲ್ಲಿ ಒಳಗಿಂದ ದನಿ ಬಂತು. ತೆಳ್ಳಗೆ, ಆದರೆ ಹರಿತವಾಗಿ.

"ಯವ್ವಾ! ಅದನ್ನ ಎತ್ಕೊಂಡು ಎಲ್ಲಿ ಹೋದಿ ನೀ? ಗಂಡಸರಿಗೆ ತೋರಸಾಕತ್ತೀ ಏನು? ಮಾನ ಮರ್ಯಾದಿ ಅದನೋ ಇಲ್ಲೋ ಈ ಮನ್ಯಾಗ?"

ಅಂಗಳದಲ್ಲಿ ಎಲ್ಲರಿಗೂ ನಗು ಬರುತ್ತಿತ್ತು, ನಕ್ಕರೆ ಅವಳು ಕೇಳಿಸಿಕೊಂಡಾಳೆಂಬ ಭಯ.

"ಅವರೂ ನೋಡಿದ್ರೇನು?"

"ನೋಡ್ಯಾರವ್ವಾ" ಎಂದಳು ಲಕ್ಷ್ಮೀಬಾಯಿ ಅಳಿಯನ ಕಡೆ ನೋಡಿ. "ಎಲ್ಲಾರೂ ನೋಡ್ಯಾರ. ಬೈ, ನೀ ಬೈ. ಇನ್ನೂ ಜೋರಾಗಿ ಬೈ."

"ಥೂ! ಎದ್ದ ಮ್ಯಾಲ ಐತಿ ನಿಮಗೆಲ್ಲಾರಿಗೂ."

ಪಟಕಿಯವರಿಂದ ಬಂದದ್ದನ್ನೆಲ್ಲ ಹಿತ್ತಿಲ ತಗ್ಗಿನಲ್ಲಿ ಸುರಿದು ಮೇಲೆ ಸುಣ್ಣ ಹಾಕಬೇಕೆಂಬುದು ಡಾಕ್ಟರರ ಕಟ್ಟಪ್ಪಣೆ. ಆ ಕೆಲಸವನ್ನು ಅಮೃತಪ್ಪ ತಾನೇ ಮಾಡುತ್ತೇನೆಂದು ಬೋಗುಣಿ ತೆಗೆದುಕೊಂಡು ಹೋದ. ಸುಣ್ಣದ ಪುಟ್ಟಿ ಅಲ್ಲೇ ಇತ್ತು. ಬೇಲಿಯ ಆಚೆ, ಹಸಿ ಎರೆಮಣ್ಣಿನ ಹೊಲದ ಮೇಲೆ ಬಿಸಿಲು ಏರುತ್ತಿತ್ತು. ಅವನು ತಗ್ಗಿನ ಅಂಚಿನಲ್ಲಿ ನಿಂತ. ಬೋಗುಣಿಯನ್ನು ಬಗ್ಗಿಸಲು ಕೈ ಬರಲಿಲ್ಲ. ಒಮ್ಮೆ ಬಿಸಿಲಿಗೆ ಹಿಡಿದು ನೋಡಿದ, ತಳದ ಕಪ್ಪು ಚುಕ್ಕೆ ಕಾಣುತ್ತಿತ್ತು. ಇನ್ನೊಮ್ಮೆ ನೋಡಿದ, ಕಾಣುತ್ತಿತ್ತು.

ಹಿಂದಿನಿಂದ ಕಲ್ಲಣ್ಣ ಕೂಗಿದ. "ಮಾವಾ, ಚೆಲ್ರಿ ಅತ್ತಾಗ! ಅದಕೇನು ಪೂಜಿ ಮಾಡತೀರೇನು?"

"ಚೆಲ್ಲತೀನಿ" ಎಂದ ಅಮೃತಪ್ಪ. "ತಡಿಯೋ, ಚೆಲ್ಲತೀನಿ."